ಕೈಯಿಂದ ಮಾಡಿದ ಗಿಟಾರಿಗೆ ತಕ್ಕ ಬೆಲೆ

ಮಾನ್ಯ ಸಂಪಾದಕರೇ,

ನಾನು ಯಾರ ನೆರವೂ ಇಲ್ಲದೆ ಒಬ್ಬನೇ ಬೀಟೆ ಮರದ ಗಿಟಾರ್ ತಯಾರಿಸಿ ಮಾರುವವನು. ಕಾರ್ಖಾನೆಯ ಗಿಟಾರಿಗೆ ಹೋಲಿಸಿ ‘ಇಷ್ಟು ಬೆಲೆಯೇಕೆ?’ ಎನ್ನುವವರು ಮರ, ತಂತಿಗಳ ಖರ್ಚನ್ನಷ್ಟೇ ಕೂಡಿಸುತ್ತಾರೆ; ಸುಮಾರು 2 ಮಿ.ಮೀ. ದಪ್ಪಕ್ಕೆ ಕೀಸಿದ ಪಕ್ಕದ ಹಲಗೆಯನ್ನು ನೀರು ಸವರಿ, ಬಿಸಿ ಕೊಳವೆಯ ಮೇಲೆ ಬಗ್ಗಿಸುವಾಗ ಅದು ಸೀಳಿದರೆ ಇಡೀ ದಿನದ ದುಡಿಮೆಯೇ ಹೋಯಿತೆಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಲ್ಲಿ ಬಂದ ನಿರ್ಬಂಧದಿಂದ 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆತಿದ್ದರೂ, ಮರದ ರಸೀದಿಗಳನ್ನು ನಾನು ಈಗಲೂ ಜೋಪಾನವಾಗಿ ಇಟ್ಟಿದ್ದೇನೆ. ಮೊದಮೊದಲು ಗಿರಾಕಿ ಕೈತಪ್ಪುವ ಭಯದಿಂದ ಬೆಲೆ ಇಳಿಸಿ ಮಾರಿದೆ; ಗಂಟೆಗಳನ್ನು ಎಣಿಸಿದಾಗ ಗಾರೆ ಕೆಲಸದವರ ದಿನಗೂಲಿಯೂ ಗಿಟ್ಟಿರಲಿಲ್ಲ. ಈಗ ಮುಂಗಡ ಪಡೆಯುವಾಗಲೇ ಮರ, ದುಡಿಮೆ, ಮುಂದಿನ ದುರಸ್ತಿಗಳ ಮೊತ್ತವನ್ನು ಬೇರೆ ಬೇರೆಯಾಗಿ ಬರೆದುಕೊಡುತ್ತೇನೆ, ಚೌಕಾಸಿ ಬಹಳ ಕಡಿಮೆಯಾಗಿದೆ. ಇತರ ಸಣ್ಣ ತಯಾರಕರೂ ಹೀಗೆ ಮಾಡಬೇಕೆಂದು ವಿನಂತಿಸುತ್ತೇನೆ.

— ಗಿಟಾರ್ ತಯಾರಕ, ಮೈಸೂರು