ಊಟಕ್ಕೆ ಜಾಗ ಮಾಡು

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಸಾಮಾನಿನ ಪಟ್ಟಿಯನ್ನು ಎರಡೆರಡು ಸಲ ಓದಿದೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ಚಾರಣದ ದಾರಿ ಜಾನ್ ಮ್ಯೂರ್ ಟ್ರೇಲ್‌ಗೆ ಪರ್ಮಿಟ್ ಸಿಕ್ಕಿದ್ದು ಕೇಳಿ ತುಂಬಾ ಖುಷಿಯಾಗಿದೆ. ಎಷ್ಟೋ ಜನ ವರ್ಷ ವರ್ಷ ಲಾಟರಿ ಹಾಕಿ ಕಾಯುತ್ತಾರೆ. ನಿನಗೆ ಆಗಸ್ಟ್ ತಿಂಗಳಿಗೇ ಸಿಕ್ಕಿದೆ. ಆದರೆ ಪಟ್ಟಿಯ ಕೊನೆಯ ಸಾಲು ನೋಡಿ ಸುಮ್ನೆ ಇರಲಾಗಲಿಲ್ಲ. ಊಟ, ನೀರು, ಗ್ಯಾಸ್ ಬಿಟ್ಟು ಬರೀ ಸಾಮಾನೇ 14 ಕೆ.ಜಿ. ಎಲ್ಲಾ ಸೇರಿ 20 ಕೆ.ಜಿ. ಮೇಲೆ. ಅದರಲ್ಲೂ ಊಟವನ್ನು ದಿನಕ್ಕೆ 450 ಗ್ರಾಂ ಅಂತ ಹಾಕಿದ್ದೀಯ. ಹೊಟ್ಟೆಗೆ ಸಾಕಾಗುವಷ್ಟು ಹಾಕಿದರೆ ಆ ಲೆಕ್ಕ 23ಕ್ಕೆ ಹೋಗಿ ನಿಲ್ಲುತ್ತದೆ. ಅದು ನಿನ್ನ ಮೈತೂಕದ ಮೂರನೇ ಒಂದು ಭಾಗ ಕಣೋ.

ಕುಮಾರಪರ್ವತಕ್ಕೆ ಇಷ್ಟೇ ಹೊತ್ತು ಹತ್ತಿದ್ದೇನೆ ಅಂತ ಬರೆದಿದ್ದೀಯ. ಹತ್ತಿದ್ದು ನಿಜ, ಆದರೆ ಅದು ಎರಡು ದಿನದ ಚಾರಣವಾಗಿತ್ತು. ಮಧ್ಯೆ ಗಿರಿಗದ್ದೆಯಲ್ಲಿ ಬಿಸಿ ಊಟ ಸಿಗುತ್ತಿತ್ತು. ಮರುದಿನ ಸಂಜೆ ಸುಬ್ರಹ್ಮಣ್ಯದಲ್ಲಿ ಬಸ್ ಹತ್ತಿ ಮಲಗಿದರೆ ಆಯಿತು. ಈ ದಾರಿ ಯೊಸೆಮಿಟಿ ಕಣಿವೆಯ ಹ್ಯಾಪಿ ಐಲ್ಸ್‌ನಿಂದ ಮೌಂಟ್ ವಿಟ್ನಿಯ ತುದಿಯವರೆಗೆ 211 ಮೈಲಿ ಇದೆ, ಅಂದರೆ 340 ಕಿ.ಮೀ. ತುದಿಯಿಂದ ರಸ್ತೆಗೆ ಇಳಿಯಲು ಇನ್ನೂ 17 ಕಿ.ಮೀ. ಡೊನೊಹ್ಯು, ಮ್ಯೂರ್, ಮ್ಯಾದರ್, ಪಿಂಚೊ, ಗ್ಲೆನ್ ಅಂತ ಒಂದಾದ ಮೇಲೊಂದು ಪಾಸ್ (ಬೆಟ್ಟಸಾಲು ದಾಟುವ ಎತ್ತರದ ಸಂದು) ದಾಟಬೇಕು. ಫಾರೆಸ್ಟರ್ ಪಾಸ್ 4,000 ಮೀಟರ್ ಎತ್ತರದಲ್ಲಿದೆ. ವಿಟ್ನಿ 4,421 ಮೀಟರ್. ಹತ್ತಿದ್ದನ್ನೆಲ್ಲ ಅದೇ ದಿನ ಇಳಿಯಬೇಕು, ನಾಳೆ ಮತ್ತೆ ಹತ್ತಬೇಕು. ಹತ್ತುವಾಗ ಉಸಿರು ಕಟ್ಟುತ್ತದೆ, ಆದರೆ ಮಂಡಿ ಹೋಗುವುದು ಇಳಿಯುವಾಗ. ವಾರಗಟ್ಟಲೆ ಇದೇ ಕೆಲಸ.

ಮೊದಲು ಒಂದು ಮಾತು ಮನಸ್ಸಿನಲ್ಲಿಟ್ಟುಕೋ. ಈ ದಾರಿಯಲ್ಲಿ ತೂಕ ಇಳಿಸುವುದು ಊಟ ಹೊರುವುದಕ್ಕೋಸ್ಕರ. ಮೊದಲ ಅರ್ಧದಲ್ಲಿ ಕಷ್ಟವಿಲ್ಲ. ಸುಮಾರು 95 ಕಿ.ಮೀ. ನಡೆದ ಮೇಲೆ ರೆಡ್ಸ್ ಮೆಡೊ ಸಿಗುತ್ತದೆ, ಅಲ್ಲಿ ಊಟ ತುಂಬಿಸಿಕೊಳ್ಳಬಹುದು. ಅರ್ಧ ದಾರಿಯ ಹತ್ತಿರ ಮ್ಯೂರ್ ಟ್ರೇಲ್ ರಾಂಚ್ ಇದೆ, ಮುಂಚೆಯೇ ಅಂಚೆಯಲ್ಲಿ ಕಳಿಸಿದ ಊಟದ ಬಕೆಟ್ ಅಲ್ಲಿ ಸಿಗುತ್ತದೆ. ಅಲ್ಲಿಂದ ಮುಂದೆ ವಿಟ್ನಿ ಪೋರ್ಟಲ್‌ವರೆಗೆ ಸುಮಾರು 175 ಕಿ.ಮೀ. ದಾರಿಯ ಮೇಲೆ ಒಂದು ಅಂಗಡಿಯೂ ಇಲ್ಲ, ರಸ್ತೆಯೂ ಇಲ್ಲ. ಬೇಕೇ ಬೇಕೆಂದರೆ ಕಿಯರ್ಸಾರ್ಜ್ ಪಾಸ್ ದಾಟಿ ಪಕ್ಕದ ಕಣಿವೆಗೆ ಇಳಿದು ಊಟ ತರಬೇಕು. ಅದಕ್ಕೆ ಒಂದೆರಡು ದಿನ ಹೋಗುತ್ತದೆ. ದಿನಕ್ಕೆ 20 ಕಿ.ಮೀ. ನಡೆದರೂ ಒಂಬತ್ತು ದಿನದ ಊಟ ಬೆನ್ನ ಮೇಲೇ ಇರಬೇಕು. ದಿನಕ್ಕೆ 750 ಗ್ರಾಂ ಹಿಡಿದರೆ ಏಳು ಕೆ.ಜಿ. ಹತ್ತಿರ ಆಗುತ್ತದೆ. ಈ ಏಳು ಕೆ.ಜಿ.ಯನ್ನು ಮುಟ್ಟಬೇಡ. ಮಡಚುವ ಕುರ್ಚಿಯಂಥ ಸಾಮಾನು ಉಳಿಸಿಕೊಂಡು ಊಟ ಕಡಿಮೆ ಮಾಡಿದವರು ಮ್ಯಾದರ್ ಪಾಸ್ ಬುಡದಲ್ಲಿ ಕೈಕಾಲು ನಡುಗುತ್ತಾ ಕೂತಿರುತ್ತಾರೆ. ಅಲ್ಲಿ ಯಾರೂ ಯಾರಿಗೂ ಹೆಚ್ಚು ಕೊಡಲಾರರು, ಎಲ್ಲರದ್ದೂ ಅಳತೆಯ ಊಟ.

ಹಾಗಾದರೆ ಇಳಿಸಬೇಕಾದದ್ದು ಆ 14 ಕೆ.ಜಿ.ಯಲ್ಲಿ. ಅದನ್ನು ಏಳಕ್ಕೆ ತರಬಹುದು. ಆಗ ಒಂಬತ್ತು ದಿನದ ಊಟ, ಒಂದು ಲೀಟರ್ ನೀರು, ಗ್ಯಾಸ್ ಎಲ್ಲಾ ಸೇರಿ ರಾಂಚ್ ಬಿಡುವಾಗ 15 ಕೆ.ಜಿ. ಆಸುಪಾಸು ಇರುತ್ತದೆ. ಆಮೇಲೆ ದಿನಾ ಮುಕ್ಕಾಲು ಕೆ.ಜಿ. ಇಳಿಯುತ್ತಾ ಹೋಗುತ್ತದೆ.

ಎಲ್ಲಕ್ಕಿಂತ ಮೊದಲು ಮೂರು ಸಾಮಾನು ನೋಡು: ಟೆಂಟ್, ಸ್ಲೀಪಿಂಗ್ ಬ್ಯಾಗ್, ಬೆನ್ನಿನ ಬ್ಯಾಗ್. ನಿನ್ನ ಪಟ್ಟಿಯಲ್ಲಿ ಈ ಮೂರೇ 6.6 ಕೆ.ಜಿ. ಇವೆ. ಇವನ್ನು ಮೂರು ಕೆ.ಜಿ.ಗೆ ತಂದರೆ ಅರ್ಧ ಕೆಲಸ ಮುಗಿಯಿತು. ಟೂತ್‌ಬ್ರಶ್ ಹಿಡಿಕೆ ಕತ್ತರಿಸುವವರನ್ನು ನೋಡಿರುತ್ತೀಯ. ಅದರಿಂದ ಉಳಿಯುವುದು ಐದಾರು ಗ್ರಾಂ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಇಬ್ಬರು ಮಲಗುವ 2.3 ಕೆ.ಜಿ. ಟೆಂಟ್ ನಿನಗೊಬ್ಬನಿಗೆ ಯಾಕೆ ಹೇಳು. ಹೇಗಿದ್ದರೂ ಇಳಿಯುವಾಗ ಮಂಡಿಗೆ ಆಸರೆಯಾಗಲಿ ಅಂತ ಎರಡು ವಾಕಿಂಗ್ ಪೋಲ್ ತೆಗೆದುಕೊಂಡು ಹೋಗುತ್ತೀಯ. ಅವನ್ನೇ ಕಂಬವಾಗಿ ನಿಲ್ಲಿಸುವ ಒಬ್ಬರ ಟೆಂಟ್ ಒಂದು ಕೆ.ಜಿ. ಒಳಗೇ ಸಿಗುತ್ತದೆ. ಸ್ಲೀಪಿಂಗ್ ಬ್ಯಾಗ್ ಕೊಳ್ಳಬೇಡ, ನನ್ನದೇ ಇದೆ. ಬಾತುಕೋಳಿ ತುಪ್ಪುಳದ್ದು, 900 ಗ್ರಾಂ, ಸೊನ್ನೆಗಿಂತ ಆರೇಳು ಡಿಗ್ರಿ ಕೆಳಗೆ ಹೋದರೂ ಬೆಚ್ಚಗಿಡುತ್ತದೆ. ಆಗಸ್ಟ್‌ನಲ್ಲೂ ಅಲ್ಲಿ ಮೇಲೆ ರಾತ್ರಿ ನೀರು ಹೆಪ್ಪುಗಟ್ಟಬಹುದು, ಆದ್ದರಿಂದ ಇದಕ್ಕಿಂತ ತೆಳ್ಳಗಿನದು ಬೇಡ. ತುಪ್ಪುಳ ಒದ್ದೆಯಾದರೆ ಮಾತ್ರ ಪ್ರಯೋಜನಕ್ಕೆ ಬರುವುದಿಲ್ಲ. ಬ್ಯಾಗಿನ ಒಳಗೆ ದಪ್ಪ ಕಸದ ಚೀಲವೊಂದನ್ನು ಹಾಸಿ, ಎಲ್ಲಾ ಅದರೊಳಗೆ ತುಂಬಿ ಬಾಯಿ ಸುತ್ತಿಬಿಡು. ಹೊರಗಿನ ರೇನ್ ಕವರ್ ಆಗ ಬೇಕಿಲ್ಲ.

ಬೆನ್ನಿನ ಬ್ಯಾಗ್ ಕೊನೆಗೆ ಕೊಳ್ಳು. ಉಳಿದದ್ದೆಲ್ಲ ಕಡಿಮೆಯಾದ ಮೇಲೆ ಎಷ್ಟು ದೊಡ್ಡದು ಬೇಕು ಅಂತ ಗೊತ್ತಾಗುತ್ತದೆ. ಮೊದಲೇ 75 ಲೀಟರ್ ಬ್ಯಾಗ್ ತಂದರೆ ಖಾಲಿ ಜಾಗ ಬಿಡಲು ಮನಸ್ಸು ಬರುವುದಿಲ್ಲ, ಏನಾದರೂ ತುರುಕುತ್ತೀಯ.

ಇನ್ನು ಚಿಲ್ಲರೆ ಸಾಮಾನು. ಕುರ್ಚಿ ಬೇಡ, ಮಲಗುವ ಫೋಮ್ ಮ್ಯಾಟನ್ನೇ ಮಡಚಿ ಕೂತುಕೋ. ಜೀನ್ಸ್ ಬೇಡವೇ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಟರ್ಕಿ ಟವೆಲ್ ಬದಲು ಒಂದು ತೆಳು ಬಟ್ಟೆ ಸಾಕು. ಸ್ಟೀಲ್ ಡಬ್ಬಿ, ಬಾಣಲೆ, ತಟ್ಟೆ ಎಲ್ಲಾ ಬಿಟ್ಟು ಮುಕ್ಕಾಲು ಲೀಟರ್ ಹಿಡಿಯುವ ಒಂದು ಟೈಟಾನಿಯಂ ಪಾತ್ರೆ, ಒಂದು ಉದ್ದ ಚಮಚ ಇಟ್ಟುಕೋ. ಗಟ್ಟಿ ಪ್ಲಾಸ್ಟಿಕ್ ಬಾಟಲಿ ಒಂದೊಂದೂ 180 ಗ್ರಾಂ ಇದೆ. ಅಂಗಡಿಯಲ್ಲಿ ನೀರು ತುಂಬಿ ಮಾರುವ ಸಾದಾ ಬಾಟಲಿ 40 ಗ್ರಾಂ, ಅದೂ ಅಷ್ಟೇ ಚೆನ್ನಾಗಿ ಬಾಳುತ್ತದೆ. ಪವರ್ ಬ್ಯಾಂಕ್ ಚಿಕ್ಕದು ಸಾಕು, ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿ ಇಟ್ಟರೆ ದಿನಗಟ್ಟಲೆ ಬರುತ್ತದೆ. ಬಟ್ಟೆ ನಡೆಯಲು ಒಂದು ಜೊತೆ, ಮಲಗಲು ಒಂದು ಜೊತೆ. ಕಾಲುಚೀಲ ಮಾತ್ರ ಮೂರು ಜೊತೆ ಇರಲಿ. ಚರ್ಮದ ಬೂಟಿನ ಬದಲು ಹಗುರದ ಟ್ರೇಲ್ ಶೂ ಹಾಕು. ಕಾಲಿನ ತೂಕವನ್ನು ಪ್ರತಿ ಹೆಜ್ಜೆಗೂ ಎತ್ತಬೇಕಲ್ವಾ, ಅಲ್ಲಿ ಕಡಿಮೆಯಾದದ್ದು ಸಂಜೆ ಹೊತ್ತಿಗೆ ಚೆನ್ನಾಗಿ ಗೊತ್ತಾಗುತ್ತದೆ.

ನೀರನ್ನು ಜಾಸ್ತಿ ಹೊರಬೇಡ. ಪಟ್ಟಿಯಲ್ಲಿ ಎರಡು ಲೀಟರ್ ಇದೆ, ಅಂದರೆ ಎರಡು ಕೆ.ಜಿ. ಸಿಯೆರಾ ನೆವಾಡಾದಲ್ಲಿ ಆಗಸ್ಟ್‌ನಲ್ಲಿ ಹಳ್ಳ, ಕೆರೆಗಳಿಗೆ ಬರವಿಲ್ಲ. ಮ್ಯಾಪ್ ನೋಡು, ಮುಂದಿನ ನೀರು ಎಷ್ಟು ದೂರ ಅಂತ ಲೆಕ್ಕ ಹಾಕು, ಇದ್ದ ಕಡೆ ಹೊಟ್ಟೆ ತುಂಬ ಕುಡಿ, ಒಂದು ಲೀಟರ್ ತುಂಬಿಕೊಂಡು ಹೊರಡು. ಫಿಲ್ಟರ್ 85 ಗ್ರಾಂ, ಅದು ಇರಲೇಬೇಕು. ಗಿಟಾರ್ ಲೇಕ್‌ನಿಂದ ವಿಟ್ನಿ ಹತ್ತುವ ದಿನ ಮಾತ್ರ ಎರಡು ಲೀಟರ್ ಬೇಕು, ಮೇಲೆ ನೀರಿಲ್ಲ. ಆ ದಿನದ್ದೇ ಇನ್ನೊಂದು ಮಾತು. ತುದಿಗೆ ಮೂರು ಕಿ.ಮೀ. ಇರುವಾಗ ದಾರಿ ಕವಲೊಡೆಯುತ್ತದೆ. ಎಲ್ಲರೂ ಅಲ್ಲೇ ಬ್ಯಾಗ್ ಇಳಿಸಿ, ನೀರು, ಜಾಕೆಟ್ ಮಾತ್ರ ಹಿಡಿದು ಹತ್ತುತ್ತಾರೆ. ನೀನೂ ಹಾಗೇ ಮಾಡು. ಬ್ಯಾಗಿನ ಜೇಬುಗಳ ಜಿಪ್ ತೆರೆದಿಟ್ಟು ಹೋಗು. ಮಾರ್ಮೊಟ್ ಅಂತ ದಪ್ಪ ಅಳಿಲಿನ ಜಾತಿಯ ಪ್ರಾಣಿಗಳಿವೆ, ಮುಚ್ಚಿದ್ದರೆ ಕಡಿದು ತೂತು ಮಾಡುತ್ತವೆ.

ಊಟದ ವಿಷಯ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಅಲ್ಲಿ ತೂಕಕ್ಕಿಂತ ಜಾಗದ್ದೇ ಕಷ್ಟ. ಕರಡಿಗೆ ತೆರೆಯಲಾಗದ ಗಟ್ಟಿ ಊಟದ ಡಬ್ಬಿ, ಅಂದರೆ ಕರಡಿ ಡಬ್ಬಿ, ಇಲ್ಲದೆ ಬಿಡುವುದಿಲ್ಲ ಅಂತ ಪರ್ಮಿಟ್‌ನಲ್ಲೇ ಓದಿರುತ್ತೀಯ. ನೀನು ಬರೆದಿರುವ ದೊಡ್ಡ ಡಬ್ಬಿ 11.5 ಲೀಟರ್ ಹಿಡಿಯುತ್ತದೆ, ಖಾಲಿ ತೂಕ 1.16 ಕೆ.ಜಿ. ಒಂಬತ್ತು ದಿನದ ಊಟ ಅದರೊಳಗೆ ಕೂರಬೇಕು. ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ವಾಸನೆ ಬರುವುದೆಲ್ಲ ಅದರೊಳಗೇ. ಮೊದಲ ದಿನ ತಿಂದು ಮುಗಿಸುವುದನ್ನು ಹೊರಗಿಟ್ಟುಕೊಳ್ಳಬಹುದು. ನಿಮ್ಮಮ್ಮ ಮೈಸೂರಿಂದ ಕಳಿಸಿದ ಚಕ್ಕುಲಿ, ಕೋಡುಬಳೆ ಆ ಮೊದಲ ದಿನಕ್ಕೆ ಇರಲಿ. ಡಬ್ಬಿಯಲ್ಲಿ ಅವು ಹಿಡಿಸುವುದು ಬರೀ ಗಾಳಿ. ರೆಡಿ-ಟು-ಈಟ್ ಪೊಟ್ಟಣಗಳೂ ಬೇಡ. ಒಂದೊಂದೂ 300 ಗ್ರಾಂ, ಹೆಚ್ಚಿನದು ನೀರೇ. ತಿಂದಾದ ಮೇಲೆ ಆ ಖಾಲಿ ಕವರನ್ನೂ ಕೊನೆವರೆಗೆ ಹೊರಬೇಕು.

ಅನ್ನ, ಬೇಳೆ ಬೇಯಿಸುವ ಆಸೆ ಬಿಟ್ಟುಬಿಡು. 3,000 ಮೀಟರ್ ಎತ್ತರದಲ್ಲಿ ನೀರು 90 ಡಿಗ್ರಿಗೇ ಕುದಿಯುತ್ತದೆ. ಬೇಳೆ ಬೇಯುವ ಹೊತ್ತಿಗೆ ಗ್ಯಾಸ್ ಖಾಲಿ. ನಮಗೆ ಗೊಜ್ಜವಲಕ್ಕಿ ಇದೆಯಲ್ಲ, ಅದಕ್ಕಿಂತ ಒಳ್ಳೆಯದು ಆ ದಾರಿಗೆ ನನಗೆ ಗೊತ್ತಿಲ್ಲ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ದಪ್ಪ ರವೆಯಷ್ಟು ಮಾಡಿಕೋ. ಎಣ್ಣೆಯನ್ನು ಧಾರಾಳವಾಗಿ ಹಾಕಿ ಸಾಸಿವೆ, ಕಡಲೆಬೇಳೆ, ಕಡಲೆಕಾಯಿ, ಕರಿಬೇವಿನ ಒಗ್ಗರಣೆ ಮಾಡು. ಒಲೆ ಆರಿಸಿ ಸಾರಿನ ಪುಡಿ, ಹುಣಸೆಪುಡಿ, ಬೆಲ್ಲದ ಪುಡಿ, ಉಪ್ಪು, ಒಣಕೊಬ್ಬರಿ ತುರಿ ಸೇರಿಸಿ ಅವಲಕ್ಕಿ ಹಾಕಿ ಬೆರೆಸು. ಪೂರ್ತಿ ಆರಿದ ಮೇಲೆ ಒಂದೊಂದು ಊಟದ ಅಳತೆಗೆ ಜಿಪ್ ಕವರ್‌ನಲ್ಲಿ ತುಂಬಿ ಗಾಳಿ ಹೊರಗೆ ಒತ್ತು. ಇಟ್ಟಿಗೆಯ ಹಾಗೆ ಒತ್ತೊತ್ತಾಗಿ ಕೂರುತ್ತದೆ. ಅಲ್ಲಿ ಬಿಸಿನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಊಟ ಸಿದ್ಧ. ಮಳೆ ಬಂದು ಸ್ಟವ್ ಹಚ್ಚಲಾಗದಿದ್ದರೆ ತಣ್ಣೀರು ಹಾಕಿದರೂ ನೆನೆಯುತ್ತದೆ, ಸ್ವಲ್ಪ ಹೊತ್ತು ಹೆಚ್ಚು ಬೇಕು ಅಷ್ಟೇ.

ಬೆಳಿಗ್ಗೆಗೆ ರಾಗಿ ಹುರಿಹಿಟ್ಟು, ಹಾಲಿನ ಪುಡಿ, ಬೆಲ್ಲ. ನಡೆಯುತ್ತಾ ತಿನ್ನಲು ಕಡಲೆಕಾಯಿ ಚಿಕ್ಕಿ, ಬಾದಾಮಿ. ಸಣ್ಣ ಬಾಟಲಿಯಲ್ಲಿ ತುಪ್ಪ ಮರೆಯಬೇಡ. ಒಂದು ಗ್ರಾಂ ಜಿಡ್ಡಿನಲ್ಲಿ 9 ಕ್ಯಾಲೊರಿ ಇದೆ, ಹಿಟ್ಟು ಸಕ್ಕರೆಯಲ್ಲಿ 4 ಮಾತ್ರ. ಅದೇ ತೂಕಕ್ಕೆ ಎರಡರಷ್ಟು ಶಕ್ತಿ. ಒಂಬತ್ತೂ ದಿನ ಒಂದೇ ತಿಂಡಿ ಕಟ್ಟಿಕೊಳ್ಳಬೇಡ. ರಾಂಚ್‌ನಲ್ಲಿ ಜನ ಹೆಚ್ಚಾದ ಊಟ ಬಿಟ್ಟುಹೋಗುವ ಬಕೆಟ್‌ಗಳಿವೆ, ಬೇಕಾದವರು ತೆಗೆದುಕೊಳ್ಳಬಹುದು. ಅದರಲ್ಲಿ ಓಟ್ಸ್ ರಾಶಿ ಇರುತ್ತದೆ. ತಿಂದು ತಿಂದು ಬೇಸತ್ತು ಬಿಟ್ಟುಹೋದದ್ದು ಅದು.

ಎಮ್ಮಾ ಗೇಟ್‌ವುಡ್ ಅಜ್ಜಿಯ ಹೆಸರು ಹೇಳಿ ಟೆಂಟೂ ಬಿಟ್ಟು ಹೋಗಲೇ ಅಂತ ಕೇಳಿದ್ದೀಯ. ಆಕೆ ನನಗೂ ಅಚ್ಚುಮೆಚ್ಚು. 1955ರಲ್ಲಿ, 67ನೇ ವಯಸ್ಸಿನಲ್ಲಿ, ತಾನೇ ಹೊಲಿದ ಡೆನಿಮ್ ಚೀಲ ಹೆಗಲಿಗೆ ಹಾಕಿಕೊಂಡು ಅಮೆರಿಕದ ಪೂರ್ವ ಭಾಗದ ಅಪಲಾಚಿಯನ್ ಟ್ರೇಲ್‌ನ 3,000 ಕಿ.ಮೀ.ಗಿಂತ ಜಾಸ್ತಿ ದೂರವನ್ನು ಒಬ್ಬಳೇ ನಡೆದಳು. ಒಂದು ಮಿಲಿಟರಿ ಕಂಬಳಿ, ಒಂದು ರೇನ್‌ಕೋಟ್, ಮಳೆಗೆ ಮರೆಯಾಗಲು ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಟೆಂಟ್ ಇಲ್ಲ, ಸ್ಲೀಪಿಂಗ್ ಬ್ಯಾಗ್ ಇಲ್ಲ. ಆದರೆ ಆ ದಾರಿ ಊರುಗಳ ಮಗ್ಗುಲಲ್ಲೇ ಹೋಗುತ್ತದೆ, ಮಧ್ಯೆ ತಂಗಲು ಸೂರುಗಳಿವೆ. ದಾರಿಯುದ್ದಕ್ಕೂ ಎಷ್ಟೋ ಮನೆಯವರು ಆಕೆಗೆ ಊಟ ಹಾಕಿ ಮಲಗಲು ಜಾಗ ಕೊಟ್ಟರು. ನೀನು ಹೋಗುವ ಕಡೆ ಬಾಗಿಲು ತಟ್ಟಲು ಮನೆಗಳಿಲ್ಲ. ಆಕೆಯ ಗಟ್ಟಿತನ ಕಲಿ, ಪಟ್ಟಿ ನಕಲು ಮಾಡಬೇಡ.

ಹಗುರ ಮಾಡುವ ಉತ್ಸಾಹದಲ್ಲಿ ಕೆಲವನ್ನು ಮುಟ್ಟಬಾರದು. ಮಳೆ ಜಾಕೆಟ್ ಇರಲೇಬೇಕು. ಮಧ್ಯಾಹ್ನ ಗುಡುಗು ಸಿಡಿಲಿನ ಮಳೆ, ಕೆಲವೊಮ್ಮೆ ಆಲಿಕಲ್ಲು ಬರುವುದು ಅಲ್ಲಿ ಮಾಮೂಲು. ಬೆಚ್ಚನೆಯ ಜಾಕೆಟ್, ಟೋಪಿ, ತಲೆಗೆ ಕಟ್ಟುವ ಟಾರ್ಚ್, ಕಾಗದದ ಮ್ಯಾಪ್, ಔಷಧದ ಪೊಟ್ಟಣ ಬಿಡಬೇಡ. ಸ್ಯಾಟಲೈಟ್ ಮೆಸೆಂಜರ್ 100 ಗ್ರಾಂ ಇದೆ. ಅದನ್ನು ಪಟ್ಟಿಯಿಂದ ಹೊಡೆದು ಹಾಕಿದ್ದೀಯ, ದಯವಿಟ್ಟು ವಾಪಸ್ ಸೇರಿಸು. ದಾರಿಯ ಬಹುಪಾಲು ಫೋನ್ ಸಿಗ್ನಲ್ ಇಲ್ಲ. ಒಬ್ಬನೇ ಹೋಗುತ್ತಿದ್ದೀಯ, ಕಾಲು ಉಳುಕಿದರೆ ಯಾರಿಗೆ ಹೇಳುತ್ತೀಯ? ಬಳಸಿದ ಟಾಯ್ಲೆಟ್ ಪೇಪರನ್ನು ಕವರ್‌ನಲ್ಲಿ ಹಾಕಿ ವಾಪಸ್ ತರಬೇಕು, ವಿಟ್ನಿ ಪ್ರದೇಶದಲ್ಲಿ ಮಲವನ್ನೂ ಅದಕ್ಕೆಂದೇ ಕೊಡುವ ಚೀಲದಲ್ಲಿ ಹೊತ್ತು ತರಬೇಕು. ಅದರ ತೂಕ ಉಳಿಸುವ ಯೋಚನೆ ಬೇಡವೇ ಬೇಡ.

ಹೋಗುವ ಮುಂಚೆ ಒಂದು ಶನಿವಾರ ಎಲ್ಲಾ ತುಂಬಿಕೊಂಡು, ಒಂಬತ್ತು ದಿನದ ಊಟದ ಸಮೇತ, ಹೆನ್ರಿ ಕೋ ಪಾರ್ಕ್‌ಗೆ ಹೋಗಿ ಒಂದು ರಾತ್ರಿ ಇದ್ದು ಬಾ. ಸ್ಯಾನ್ ಹೊಸೆಯಿಂದ ಹತ್ತಿರ, ಏರುಗಳೂ ಚೆನ್ನಾಗಿ ಕಡಿದಾಗಿವೆ. ಅಲ್ಲಿ ಬಿಸಿಲು ಜಾಸ್ತಿ, ನೀರು ಕಡಿಮೆ, ಆದ್ದರಿಂದ ಅವತ್ತು ಮಾತ್ರ ನೀರು ಹೆಚ್ಚು ಇಟ್ಟುಕೋ. ವಾಪಸ್ ಬಂದು ಬ್ಯಾಗನ್ನು ನೆಲದ ಮೇಲೆ ಸುರಿದು ಮುಟ್ಟದೇ ಉಳಿದದ್ದನ್ನು ಪಕ್ಕಕ್ಕೆ ತೆಗೆ. ಔಷಧ, ಮಳೆ ಜಾಕೆಟ್ ಆ ಗುಂಪಿನಲ್ಲಿದ್ದರೂ ಬ್ಯಾಗಿಗೇ ಹೋಗಬೇಕು. ಉಳಿದದ್ದು ಬೀರುವಿಗೆ.

ರಾಂಚ್‌ಗೆ ಬಕೆಟ್ ಕಳಿಸುವುದನ್ನು ತಡ ಮಾಡಬೇಡ. ನೀನು ಅಲ್ಲಿ ಮುಟ್ಟುವ ದಿನಕ್ಕೆ ಮೂರು ವಾರ ಮೊದಲೇ ಅಂಚೆಗೆ ಹಾಕಬೇಕು ಅಂತ ಅವರೇ ಹೇಳುತ್ತಾರೆ. ಮುಂದಿನ ಭಾನುವಾರ ಫ್ರೆಸ್ನೊಗೆ ಬಾ, ಸ್ಲೀಪಿಂಗ್ ಬ್ಯಾಗ್ ತೆಗೆದುಕೊಂಡು ಹೋಗುವೆಯಂತೆ. ಅವಲಕ್ಕಿ ನಾನು ತಂದಿಟ್ಟಿರುತ್ತೇನೆ, ಇಬ್ಬರೂ ಸೇರಿ ಒಗ್ಗರಣೆ ಹಾಕಿ ಒಂಬತ್ತು ದಿನದ್ದನ್ನೂ ಪೊಟ್ಟಣ ಕಟ್ಟೋಣ. ಬರುವಾಗ ಕರಡಿ ಡಬ್ಬಿ ತರಲು ಮರೆಯಬೇಡ, ಎಲ್ಲಾ ಹಿಡಿಸುತ್ತದೋ ಇಲ್ಲವೋ ಇಲ್ಲೇ ತುಂಬಿ ನೋಡಬೇಕು. ಹೊಸ ಪಟ್ಟಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದೇ ಸಾಮಾನು ತೂಗಿ ಬರೆದುಕೊಂಡು ಬಾ. ಅಂಗಡಿಯವರು ಬರೆದ ತೂಕವನ್ನು ನಂಬಬೇಡ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ