ಊಟದ ಮನೆಯ ನೆಲದಡಿ ಒಡೆದ ಕೊಳವೆ: ಮಳೆಗಾಲಕ್ಕೆ ಮುನ್ನ ನಿಮ್ಮ ನೆರವು ಬೇಕು

ಮಾನ್ಯ ದಾನಿಗಳೇ, ಹಳೆ ವಿದ್ಯಾರ್ಥಿ ಬಂಧುಗಳೇ,

ಸಾದರ ವಂದನೆಗಳು.

ನಮ್ಮ ವಿದ್ಯಾರ್ಥಿ ನಿಲಯದ ಕಥೆಯನ್ನು ತಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ಕುಳಿತು ಎಸ್‌.ಎಸ್‌.ಸಿ. (ಹತ್ತನೆಯ ತರಗತಿ) ಪಾಸಾದ ಹುಡುಗರಿಗೆ ಈ ಮುಂಬಯಿಯಲ್ಲಿ ಒಂದು ಸೂರು ಬೇಕೆಂದು ಹಿರಿಯರು ಮನೆಮನೆಗೆ ತಿರುಗಿ ಹಣ ಕೂಡಿಸಿ ಕಟ್ಟಿದ ನಿಲಯವಿದು. ಇಲ್ಲಿ ಗಂಜಿ ಉಂಡವರು ಇಂದು ಹೋಟೆಲುಗಳ ಯಜಮಾನರು, ಬ್ಯಾಂಕ್ ಅಧಿಕಾರಿಗಳು, ವಕೀಲರು, ಶಿಕ್ಷಕರು. ನವರಾತ್ರಿಯ ಭಜನೆ ಒಂದು ವರ್ಷವೂ ತಪ್ಪಿಲ್ಲ. ವಾರ್ಷಿಕೋತ್ಸವದಲ್ಲಿ ನಮ್ಮ ಮಕ್ಕಳೇ ಗೆಜ್ಜೆ ಕಟ್ಟಿ ಆಡುವ ಯಕ್ಷಗಾನಕ್ಕೆ ಡೊಂಬಿವಲಿ, ಮೀರಾ ರೋಡಿನಿಂದಲೂ ಜನ ಬರುತ್ತಾರೆ. ಇಂತಹ ನಿಲಯದ ಊಟದ ಮನೆಗೆ ಈಗ ಬೀಗ ಹಾಕಿದ್ದೇವೆ.

ಪಾಲಿಕೆಯ ನೀರನ್ನು ಮೀಟರಿನಿಂದ ನೆಲತೊಟ್ಟಿಗೆ ಒಯ್ಯುವ ಕೊಳವೆ ಊಟದ ಮನೆಯ ಕಾಂಕ್ರೀಟ್ ನೆಲಗಟ್ಟಿನ ಅಡಿಯಲ್ಲೇ ಹಾದುಹೋಗುತ್ತದೆ. ಕಟ್ಟಡದಷ್ಟೇ ವಯಸ್ಸಿನ ಜಿ.ಐ. ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು ಅದು. ಕೆಳಗಿರುವುದು ಭರ್ತಿ ಮಣ್ಣು, ಅದರಲ್ಲಿ ಉಪ್ಪಿನ ಪಸೆ. ಸತುವಿನ ಲೇಪ ಎಂದೋ ಸವೆದು ಕಬ್ಬಿಣ ತುಕ್ಕು ಹಿಡಿದಿದೆ. ತೊಟ್ಟಿ ತುಂಬಿ ತೇಲುಗುಂಡು ನೀರನ್ನು ನಿಲ್ಲಿಸಿದ ಮೇಲೂ ಮೀಟರಿನ ಮುಳ್ಳು ತಿರುಗುತ್ತಲೇ ಇದ್ದುದನ್ನು ಮೊದಲು ಗಮನಿಸಿದವರು ನಮ್ಮ ಅಡುಗೆ ಭಟ್ಟರು. ಬಳಿಕ ಬಡಿಸುವ ಕಟ್ಟೆಯ ಬಳಿ ಶಹಾಬಾದ್ ಕಲ್ಲುಗಳ ಸಂದಿನಲ್ಲಿ ತೇವ ಕಾಣಿಸಿತು. ಗೋಡೆಯ ಬುಡದ ಸುಣ್ಣ ಉಬ್ಬಿ ಉದುರಿತು. ಒಂದು ಕಲ್ಲನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಟೊಳ್ಳು ಸದ್ದು. ಸೋರಿದ ನೀರು ಅಡಿಯ ಮಣ್ಣನ್ನೇ ತೊಳೆದುಕೊಂಡು ಹೋಗಿದೆ. ಅಲ್ಲಿ ಸಾಲಾಗಿ ಮಕ್ಕಳನ್ನು ಕೂರಿಸಲು ನಮಗೆ ಧೈರ್ಯವಾಗಲಿಲ್ಲ.

ನೀರು ಪೋಲಾಗುವುದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಮುಂಬಯಿಯಲ್ಲಿ ಪಾಲಿಕೆಯ ನೀರು ದಿನವಿಡೀ ಬರುವುದಿಲ್ಲ. ಬಿಡುವ ಹೊತ್ತಿನಲ್ಲಿ ಒತ್ತಡದಿಂದ ನೀರು ಹೊರಗೆ ಸೋರುತ್ತದೆ. ನಿಂತ ಮೇಲೆ ಕೊಳವೆ ಬರಿದಾಗಿ ಸುತ್ತಲಿನ ಕೊಳಕು ನೀರು ಅದೇ ತೂತಿನಿಂದ ಒಳಗೆ ನುಗ್ಗುತ್ತದೆ. ಪರೀಕ್ಷೆಯ ದಿನಗಳಲ್ಲೇ ಕೆಲವು ಮಕ್ಕಳಿಗೆ ವಾಂತಿಭೇದಿ ಆಯಿತು. ಅಂದಿನಿಂದ ಕುಡಿಯಲು, ಅಡುಗೆಗೆ ಟ್ಯಾಂಕರ್ ನೀರು ತರಿಸಿ ಕುದಿಸಿ ಕೊಡುತ್ತಿದ್ದೇವೆ. ಊಟ ಜಗುಲಿಯಲ್ಲಿ, ತಟ್ಟೆ ತೊಡೆಯ ಮೇಲೆ.

ಈಗ ನಿಲಯದಲ್ಲಿರುವವರಲ್ಲಿ ಕುಂದಾಪುರ, ಕಾರ್ಕಳದ ಕಡೆಯ ಮಕ್ಕಳ ಜೊತೆಗೆ ಕಲಬುರಗಿ, ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಕೆಲಸ ಮುಗಿದ ಕೂಡಲೇ ಅಪ್ಪ ಅಮ್ಮ ಮತ್ತೊಂದು ಸೈಟಿಗೆ ಗಂಟುಮೂಟೆ ಕಟ್ಟುತ್ತಾರೆ. ಮಗುವಿನ ಶಾಲೆ ತಪ್ಪದಿರುವುದು ಈ ನಿಲಯ ಇರುವುದರಿಂದ. ಆರನೆಯ ತರಗತಿಯ ಹುಡುಗನೊಬ್ಬ ಜಗುಲಿಯಲ್ಲಿ ಉಂಡ ಮೇಲೆ ತನ್ನ ತಟ್ಟೆಯ ಜೊತೆಗೆ ಚಿಕ್ಕವರ ತಟ್ಟೆಗಳನ್ನೂ ಟ್ಯಾಂಕರ್ ನೀರಿನ ಒಂದೇ ಬಕೆಟಿನಲ್ಲಿ ಅದ್ದಿ ಅದ್ದಿ ತೊಳೆಯುತ್ತಾನೆ, ಹನಿಯೂ ಚೆಲ್ಲದಂತೆ. ಯಾರೂ ಹೇಳಿಕೊಟ್ಟದ್ದಲ್ಲ.

ಸೋರಿಕೆ ಪತ್ತೆ ಮಾಡುವವರು ಲೋಕಲ್ ರೈಲಿನ ಸದ್ದಡಗಿದ ನಡುರಾತ್ರಿ ಬಂದು, ನೆಲಕ್ಕೆ ಸೋರಿಕೆಯ ಸದ್ದು ಹಿಡಿಯುವ ಯಂತ್ರವಿಟ್ಟು ಆಲಿಸಿದರು. ಮರುದಿನ ಕೊಳವೆಗೆ ಗಾಳಿ ತುಂಬಿ ಒತ್ತಡ ಪರೀಕ್ಷಿಸಿದರು. ಬಡಿಸುವ ಕಟ್ಟೆಯ ಅಡಿಯಲ್ಲಿ ಒಂದು ತೂತು ಖಚಿತ. ಅದರಾಚೆ ಇನ್ನೂ ಒಂದಿರಬಹುದು. ಅಷ್ಟೇ ಜಾಗ ಒಡೆದು ತೇಪೆ ಹಾಕಿದರೆ ಸಾಲದೇ ಎಂದು ಕೆಲವರು ಕೇಳಿದ್ದಾರೆ. ತೇಪೆ ಅಗ್ಗ, ನಿಜ. ಆದರೆ ಉದ್ದಕ್ಕೂ ತುಕ್ಕು ಹಿಡಿದ ಕೊಳವೆಯಲ್ಲಿ ಒಂದು ತೂತು ಮುಚ್ಚಿದರೆ ಮುಂದಿನ ತೆಳುವಾದ ಜಾಗ ಬಾಯಿ ಬಿಡುತ್ತದೆ, ಮತ್ತೆ ನೆಲ ಒಡೆಯಬೇಕು. ದಾನಿಗಳ ಹಣವನ್ನು ಹಾಗೆ ಕಂತಿನಲ್ಲಿ ಮಣ್ಣಿಗೆ ಹಾಕಲು ವಿಶ್ವಸ್ತ ಮಂಡಳಿ ಸಿದ್ಧವಿಲ್ಲ. ನೆಲದಡಿಯ ಕೊಳವೆಯನ್ನು ಪೂರ್ತಿ ಕೈಬಿಟ್ಟು, ಎರಡೂ ತುದಿ ಮುಚ್ಚಿ, ಹೊಸ ಕೊಳವೆಯನ್ನು ಗೋಡೆಯ ಮೇಲೆ ಕಣ್ಣಿಗೆ ಕಾಣುವಂತೆ ಒಯ್ಯಬೇಕೆಂದು ತೀರ್ಮಾನಿಸಿದ್ದೇವೆ. ಮುಂದೆ ಸೋರಿದರೂ ಅಂದೇ ತಿಳಿಯುತ್ತದೆ, ನೆಲ ಮುಟ್ಟದೆ ಸರಿಪಡಿಸಬಹುದು. ಟೊಳ್ಳಾದ ಕಡೆ ಸಿಮೆಂಟ್ ಹಾಲು ತುಂಬಿ ನೆಲ ಗಟ್ಟಿ ಮಾಡಬೇಕು. ನೆಲತೊಟ್ಟಿಯನ್ನು ತೊಳೆದು ಶುದ್ಧಗೊಳಿಸಬೇಕು.

ಎಲ್ಲ ಸೇರಿ ಸುಮಾರು ಐದು ಲಕ್ಷ ರೂಪಾಯಿ ಆಗಬಹುದು. ಅಡಿಯಲ್ಲಿ ಎಷ್ಟು ಮಣ್ಣು ಹೋಗಿದೆ ಎಂಬುದರ ಮೇಲೆ ಸ್ವಲ್ಪ ಹೆಚ್ಚು ಕಡಿಮೆ. ಒಂದಿಷ್ಟು ಹಣ ನಿಲಯದ ನಿಧಿಯಲ್ಲಿದೆ. ಉಳಿದ ಬಹುಪಾಲಿಗೆ ತಮ್ಮ ಮುಂದೆ ಕೈಯೊಡ್ಡಿದ್ದೇವೆ. ಜೂನ್ ಎರಡನೆಯ ವಾರಕ್ಕೆ ಮಳೆ ಹಿಡಿಯುತ್ತದೆ, ಆ ತಿಂಗಳ ಮಧ್ಯದಲ್ಲಿ ಶಾಲೆ ತೆರೆಯುತ್ತದೆ. ಹೆಚ್ಚಿನ ಮಕ್ಕಳು ಊರಿಗೆ ಹೋಗುವ ಮೇ ತಿಂಗಳೊಂದೇ ನಮಗಿರುವ ಅವಕಾಶ. ಗುತ್ತಿಗೆದಾರರಿಗೆ ಏಪ್ರಿಲ್ ಮುಗಿಯುವುದರೊಳಗೆ ಮುಂಗಡ ಕೊಡಲೇಬೇಕು.

ಐನೂರು ರೂಪಾಯಿಯೂ ನಮಗೆ ದೊಡ್ಡದೇ. ದೇಣಿಗೆಯನ್ನು ನಿಲಯದ ಹೆಸರಿಗೆ ಚೆಕ್ ಮೂಲಕ ಅಥವಾ ಬ್ಯಾಂಕ್ ಖಾತೆಗೆ ನೇರವಾಗಿ ಕಳುಹಿಸಿ. ರಸೀದಿ ತಪ್ಪದೆ ತಲುಪಿಸುತ್ತೇವೆ. ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಟ್ಟರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ದಯವಿಟ್ಟು ಗಮನಿಸಿ. ಹೋಟೆಲ್ ನಡೆಸುವ ಬಂಧುಗಳು ಕೆಲಸ ಮುಗಿಯುವವರೆಗೆ ದಿನಕ್ಕೊಬ್ಬರಂತೆ, ನಿಲಯದಲ್ಲಿ ಉಳಿಯುವ ಮಕ್ಕಳಿಗೆ ಒಂದು ಹೊತ್ತಿನ ಊಟ ಕಳುಹಿಸಿಕೊಟ್ಟರೆ ಅದೂ ದೇಣಿಗೆಯೇ. ಯಾವ ದಿನ ಎಂಬುದನ್ನು ಮೊದಲೇ ಕಚೇರಿಗೆ ತಿಳಿಸಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
ಗೌರವ ಕಾರ್ಯದರ್ಶಿ
ವಿಶ್ವಸ್ತ ಮಂಡಳಿಯ ಪರವಾಗಿ