ಚಿಪ್ಪಿನೊಳಗಿನ ಹರಳುಗಳ ಬಗ್ಗೆಯೂ ಬರೀರಿ

ಮಾನ್ಯ ಸಂಪಾದಕರೇ,

ಚಿಪ್ಪು, ಶಂಖ ಅಂದ್ರೆ ಪತ್ರಿಕೆಗಳಲ್ಲಿ ಬರೋದೆಲ್ಲ ಮುತ್ತು, ಒಡವೆ ವಿಷಯಾನೇ. ಅದನ್ನ ಕಟ್ಟೋ ಮೃದ್ವಂಗಿಯ (ಮೆತ್ತನೆ ಮೈಯ ಪ್ರಾಣಿ) ಕೆಲಸದ ಬಗ್ಗೆ ಓದೋಕೆ ಸಿಗೋದು ತುಂಬಾ ಕಮ್ಮಿ, ಇದು ನಿಜಕ್ಕೂ ಬೇಜಾರು.

ಮುತ್ತಿನ ಚಿಪ್ಪನ್ನೇ ತಗೊಳ್ಳಿ. ಹೊರಪದರದಲ್ಲಿ ಕ್ಯಾಲ್ಸೈಟ್ ಹರಳುಗಳು ಪ್ರಿಸಂ ಆಕಾರದಲ್ಲಿ ಒತ್ತೊತ್ತಾಗಿ ನಿಂತಿರ್ತವೆ, ಒಳಗಿನ ಹೊಳೆಯೋ ಪದರದಲ್ಲಿ ಅರಗೊನೈಟ್ ಬಿಲ್ಲೆಗಳು ಇಟ್ಟಿಗೆ ಗೋಡೆ ಥರ ಸಾಲು ಸಾಲಾಗಿ ಕೂತಿರ್ತವೆ, ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ, ಅಣುಗಳ ಜೋಡಣೆ ಮಾತ್ರ ಬೇರೆ. ಎಲ್ಲಿ ಯಾವ ಹರಳು ಬೆಳೀಬೇಕು ಅನ್ನೋದ್ರಲ್ಲಿ ಪ್ರೋಟೀನ್‌ಗಳದ್ದು ದೊಡ್ಡ ಪಾತ್ರ. ಮ್ಯಾಂಟಲ್ ಅನ್ನೋ ತೆಳು ಅಂಗ ಈ ಪ್ರೋಟೀನ್‌ಗಳನ್ನ, ಜೊತೆಗೆ ಕೈಟಿನ್ (ಕೀಟಗಳ ಹೊರಕವಚದಲ್ಲೂ ಇರೋ ಗಟ್ಟಿ ವಸ್ತು) ಅನ್ನೋದನ್ನ ಸುರಿಸುತ್ತೆ, ಇವುಗಳಿಂದಾದ ಪೊರೆಗಳ ಮಧ್ಯೆ ಹರಳು ಬೆಳೆಯುತ್ತೆ. ಒಂದು ಬಿಲ್ಲೆ ದಪ್ಪ ಸುಮಾರು ಅರ್ಧ ಮೈಕ್ರಾನ್ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಹೆಚ್ಚುಕಮ್ಮಿ ಬೆಳಕಿನ ತರಂಗದ ಉದ್ದದಷ್ಟೇ, ಅದಕ್ಕೇ ಚಿಪ್ಪು ಓರೆ ಮಾಡಿದ್ರೆ ಗುಲಾಬಿ ಹಸಿರು ಬಣ್ಣ ಓಡಾಡುತ್ತೆ, ಅಲ್ಲಿ ಯಾವ ಬಣ್ಣಾನೂ ಹಚ್ಚಿಲ್ಲ!

ಈ ಹೊಳೆಯೋ ಪದರದ ತೂಕದಲ್ಲಿ 95% ಖನಿಜ, ಉಳಿದ ಚೂರು ಸಾವಯವ ವಸ್ತು. ಆ ಚೂರಿನಿಂದಾನೇ ಬಿರುಕು ನೇರ ಓಡಲ್ಲ, ಬಿಲ್ಲೆ ಬಿಲ್ಲೆಗೂ ತಿರುಗಿ ಸುಸ್ತಾಗುತ್ತೆ. ಶಂಖದ ವಿಧಾನವೇ ಬೇರೆ, ಅಲ್ಲಿ ಪಟ್ಟಿಗಳು ಒಂದಕ್ಕೊಂದು ಅಡ್ಡಡ್ಡ ಹೆಣೆದಿರ್ತವೆ.

ಇದೆಲ್ಲ ಆಗೋದು ಕುಲುಮೆ ಇಲ್ದೆ, ತಣ್ಣನೆ ಸಮುದ್ರದ ನೀರಲ್ಲಿ. ಇಂಗಾಲದ ಡೈಆಕ್ಸೈಡ್ ಕರಗಿ ಅದೇ ನೀರಲ್ಲಿ ಈಗ ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಕಮ್ಮಿ ಆಗ್ತಿದೆ, ಎಳೆ ಮರಿಗಳಿಗೆ ಚಿಪ್ಪು ಕಟ್ಟೋದೇ ಕಷ್ಟ ಆಗ್ತಿದೆ. ದಯವಿಟ್ಟು ನಿಮ್ಮ ವಿಜ್ಞಾನ ಪುಟದಲ್ಲಿ ಇದಕ್ಕೊಂದು ಪೂರ್ತಿ ಲೇಖನ ಕೊಡಿ, ಮೈಕ್ರೋಸ್ಕೋಪ್ ಫೋಟೋಗಳ ಸಮೇತ.

– ನಿಮ್ಮ ಓದುಗ